ಇಸ್ತ್ರಿ ಇಲ್ಲದ ಹಡಗಿನಲ್ಲಿ

ನಮ್ಮ ಇಸ್ತ್ರಿ ಪೆಟ್ಟಿಗೆಯ ಹಿಡಿಕೆಗೆ ಒಂದು ಹಳದಿ ಚೀಟಿ ಇನ್ನೂ ನೇತಾಡುತ್ತಿದೆ. ಮುಂಬೈ ಬಂದರಿನವರು ಕಟ್ಟಿದ್ದು. ಇಸ್ತ್ರಿ ಮಾಡುವಾಗಲೆಲ್ಲ ಅದು ಕೈಗೆ ತಗಲುತ್ತದೆ, ಕಿತ್ತು ಹಾಕಬೇಕು ಅಂದುಕೊಳ್ಳುತ್ತೇನೆ, ಮರೆಯುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಅದನ್ನು ನೋಡಿ, "ಇದೇನ್ರಿ ಟೀಚರ, ಇಸ್ತ್ರಿ ಪೆಟಗಿಗೂ ಟಿಕೀಟು ತಗದಿದ್ರೇನು?" ಅಂದಳು. ತೆಗೆದಿರಲಿಲ್ಲ. ಆದರೆ ಅದು ನನ್ನ ಕೈಚೀಲದಲ್ಲಿ ಕೂತು ಕೊಪ್ಪಳದಿಂದ ಮುಂಬೈ ತನಕ ಬಂದದ್ದು ನಿಜ, ಹಡಗು ಹತ್ತುವ ಭಾಗ್ಯ ಮಾತ್ರ ಅದಕ್ಕೆ ಇರಲಿಲ್ಲ.

ನಾನು ಹಡಗು ಹತ್ತಿದವಳು ಅಂದರೆ ನಮ್ಮೂರಲ್ಲಿ ಯಾರೂ ಬೇಗ ನಂಬುವುದಿಲ್ಲ. ನಮಗೆ ದೊಡ್ಡ ನೀರು ಅಂದರೆ ತುಂಗಭದ್ರೆಯ ಡ್ಯಾಮು, ಅದೂ ದಂಡೆಯಲ್ಲಿ ನಿಂತು ನೋಡುವುದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ತೇಲುವ ವಸ್ತುಗಳ ನಿಯಮವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಸ್ವತಃ ತೇಲಿದ್ದು ಅದೊಂದೇ ಸಲ.

ಅದಕ್ಕೆ ಕಾರಣ ನನ್ನ ತಂಗಿ ಶಾಂತಾಳ ಮಗಳು ಸುಧಾ. ಶಾಂತಾಳನ್ನು ಯಲಬುರ್ಗಾ ಕಡೆಯ ಮಂಗಳೂರಿಗೆ ಕೊಟ್ಟಿದ್ದು. ಕಡಲಿರುವ ಮಂಗಳೂರಲ್ಲ, ಜೋಳ ಬೆಳೆಯುವ ನಮ್ಮ ಮಂಗಳೂರು. ಗಂಡ ವೀರನಗೌಡ ಒಕ್ಕಲುತನದವರು, ಕೊಟ್ಟಿಗೆ ತುಂಬ ಎಮ್ಮೆಗಳು. ಆ ಎಮ್ಮೆಗಳ ನಡುವೆಯೇ ಬೆಳೆದ ಸುಧಾ ಓದಿ ದನದ ಡಾಕ್ಟರಾದಳು. ಹಿಟ್ನಾಳದ ಸರ್ಕಾರಿ ದನದ ಆಸ್ಪತ್ರೆಯಲ್ಲಿ ಕೆಲಸ. ಅವಳನ್ನು ಕೇಳಿಕೊಂಡು ಬಂದವರು ಗಂಗಾವತಿಯ ಅಕ್ಕಿ ಮಿಲ್ಲಿನ ಮನೆತನದವರು. ಹುಡುಗ ವಿನಯ ಮಿಲ್ಲು ನೋಡಿಕೊಳ್ಳುತ್ತಾನೆ, ಮೆತ್ತಗಿನ ಮನುಷ್ಯ. ಹುಡುಗನ ಅಪ್ಪ, ಅಂದರೆ ಸಾಹುಕಾರರು, ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಬಂಧುಬಳಗವನ್ನೆಲ್ಲ ಹಡಗಿನಲ್ಲಿ ಕರೆದುಕೊಂಡು ಹೋಗುವವರಿದ್ದರು. ಮುಂಬೈಯಲ್ಲಿ ಹತ್ತಿ, ಗೋವೆಯ ತನಕ ಸುತ್ತಾಡಿ ಬರುವುದು. "ಬೀಗರೂ ಬರ್ಲಿ, ಉಂಗುರದ ಕಾರ್ಯಕ್ರಮ ಅಲ್ಲೇ ಮುಗಿಸೋಣು" ಅಂದರು. ಹೀಗೆ ಜೋಳದ ಮಂದಿ ಅಕ್ಕಿಯ ಮಂದಿಯ ಜೊತೆ ನೀರಿಗಿಳಿದೆವು.

ಹೊರಡುವ ಮೊದಲೇ ಶಾಂತಾ ನನಗೆ ಫೋನು ಮಾಡಿ ಹೇಳಿದ್ದಳು. "ಅಕ್ಕಾ, ಹಡಗು ಅವರ್ದು, ಊಟ ಅವರ್ದು. ಉಡೂದರ ನಮ್ದು ನೆಟ್ಟಗಿರಬೇಕು. ನೀ ನಿನ್ನ ಇಸ್ತ್ರಿ ಪೆಟಗಿ ತಗೊಂಡು ಬಾ."

ನನಗೆ ಹೇಳಬೇಕಾಗಿರಲಿಲ್ಲ. ಮಕ್ಕಳು ನನ್ನನ್ನು ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರು ಗಂಜಿ ಟೀಚರ್. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ನಾನು ವರಾಂಡದಲ್ಲಿ ನಡೆದರೆ ಸರ್‌ಬರ್ ಸಪ್ಪಳ ಕೇಳಿ ಕೊನೆಯ ಬೆಂಚಿನವರು ಪುಸ್ತಕ ತೆರೆಯುತ್ತಿದ್ದರಂತೆ. ಶಿಸ್ತು ನನ್ನದಲ್ಲ, ಸೀರೆಯದು. ಇದು ಗೊತ್ತಾದದ್ದು ನಿವೃತ್ತಿಯ ದಿನ, ಹಳೆಯ ವಿದ್ಯಾರ್ಥಿಯೊಬ್ಬ ಮೈಕಿನಲ್ಲಿ ಹೇಳಿದಾಗ. ಅಂದೂ ಗಂಜಿ ಸೀರೆಯನ್ನೇ ಉಟ್ಟಿದ್ದೆ. ಎದ್ದು ಹೋಗಿ ಅವನ ಬೆನ್ನು ತಟ್ಟೋಣ ಅಂದರೆ ಸಪ್ಪಳವಾದೀತು ಅಂತ ಕೂತೇ ನಕ್ಕೆ.

ಈ ಹುಚ್ಚು ಬಂದದ್ದು ಅಪ್ಪನಿಂದ. ನಮ್ಮ ಚಿಕ್ಕಂದಿನಲ್ಲಿ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಎಲ್ಲಿಯದು. ಅಪ್ಪ ಯಲಬುರ್ಗಾದ ಕಚೇರಿಗೆ ಹೋಗುವುದಿದ್ದರೆ ಅವ್ವ ಹಿತ್ತಾಳೆ ತಂಬಿಗೆಯಲ್ಲಿ ಒಲೆಯ ಕೆಂಡ ತುಂಬಿ, ಅರಿವೆ ಸುತ್ತಿ ಹಿಡಿದು ಅಂಗಿಯ ಮೇಲೆ ಎಳೆಯುತ್ತಿದ್ದಳು. ಉರುವಲು ಹಸಿ ಇದ್ದ ದಿನ ಅದೂ ಇಲ್ಲ. ಅಂಗಿ, ಧೋತರ ಎರಡನ್ನೂ ನೀರು ಚಿಮುಕಿಸಿ ಮಡಚಿ ನಮ್ಮ ಗಾದಿಯ ಕೆಳಗೆ ಇಡುತ್ತಿದ್ದಳು. ನಾನೂ ಶಾಂತಾನೂ ಅದರ ಮೇಲೆ ಮಲಗಬೇಕು, ಹೊರಳಾಡಬಾರದು. ಅಪ್ಪನ ಮಾನ ನಮ್ಮ ಬೆನ್ನ ಕೆಳಗೆ ಇದೆ ಅಂತ ನಾನು ಉಸಿರು ಬಿಗಿಹಿಡಿದು ಮಲಗುತ್ತಿದ್ದೆ. ಶಾಂತಾ ಆಗ ತೀರಾ ಸಣ್ಣವಳು. ಒಮ್ಮೆ ಅವಳು ಸಣ್ಣ ಮಕ್ಕಳು ಮಾಡುವುದನ್ನು ಮಾಡಿಬಿಟ್ಟಳು. ಬೆಳಿಗ್ಗೆ ಅಪ್ಪನ ಅಂಗಿ ಕಚೇರಿಗೆ ಹೋಗುವ ಬದಲು ಹಳ್ಳಕ್ಕೆ ಹೋಯಿತು. ಈ ವಿಷಯ ಎತ್ತಿದರೆ ಅವಳಿಗೆ ಈಗಲೂ ಸಿಟ್ಟು ಬರುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಟ್ಟೆಯ ಚಿಂತೆಗಿಂತ ದೊಡ್ಡ ಚಿಂತೆಯೊಂದು ನಮ್ಮ ಜೊತೆ ಹಡಗು ಹತ್ತಿತ್ತು. ಹೆಣ್ಣು ನೋಡಲು ಬಂದಾಗ ಸಾಹುಕಾರರು, "ನಮ್ಮ ಮನ್ಯಾಗ ಹೆಣ್ಮಕ್ಕಳು ನೌಕರಿಗೆ ಹೋಗೂ ಪದ್ಧತಿ ಇಲ್ಲ. ಇರ್ಲಿ, ಮುಂದ ನೋಡಿದ್ರಾತು" ಅಂದಿದ್ದರು. ವೀರನಗೌಡರೂ "ನೋಡಿದ್ರಾತು" ಅಂದಿದ್ದರು. ಆ ನೋಡಿದ್ರಾತು ಅನ್ನುವ ಮಾತಿನಲ್ಲಿ ಹೂಂ ಇದೆಯೋ ಉಹೂಂ ಇದೆಯೋ ಯಾರಿಗೂ ಗೊತ್ತಾಗಲಿಲ್ಲ. ವಿನಯ ಸುಧಾಳಿಗೆ "ನೀ ನೌಕರಿ ಮಾಡು, ಅಪ್ಪಗ ನಾ ಹೇಳ್ತೀನಿ" ಅಂದಿದ್ದನಂತೆ, ಹೇಳಿದ ಸುದ್ದಿ ಮಾತ್ರ ಬಂದಿರಲಿಲ್ಲ. ಮುಂಬೈಗೆ ಬರುವ ಬಸ್ಸಿನಲ್ಲಿ ಸುಧಾ ಅವ್ವನಿಗೆ ಸ್ಪಷ್ಟವಾಗಿ ಹೇಳಿದಳು.

"ಯವ್ವಾ, ಉಂಗುರ ಹಾಕ್ಕೊಳ್ಳೂಕಿಂತ ಮದಲ ನೀ ಕೇಳು. ನೀ ಕೇಳ್ಲಿಲ್ಲಂದ್ರ ನಾನ ಎಲ್ಲಾರ ಮುಂದ ಕೇಳ್ತೀನಿ. ಅವರು ಒಲ್ಲೆ ಅಂದ್ರ ಉಂಗುರ ಹಾಕ್ಕೊಳ್ಳಾಂಗಿಲ್ಲ."

ಶಾಂತಾ ನನ್ನ ಮುಖ ನೋಡಿದಳು. "ನೀ ಕೇಳು ಅಕ್ಕಾ, ನೀ ಟೀಚರ್ ಅದಿ" ಅಂದಳು. ಹುಡುಗಿಯ ತಾಯಿ ಕೇಳುವ ಮಾತನ್ನು ದೊಡ್ಡವ್ವ ಕೇಳಿದರೆ ಅದಕ್ಕೆ ತೂಕ ಇರುವುದಿಲ್ಲ ಅಂತ ನಾನು ಜಾರಿಕೊಂಡೆ. ಮಾತು ಮುರಿದರೆ ಎದ್ದು ಬಸ್ ಹತ್ತಿ ಬರಲು ಅದೇನು ಗಂಗಾವತಿ ಬಸ್‌ಸ್ಟ್ಯಾಂಡೇ? ಸುತ್ತಲೂ ಸಮುದ್ರ. ಮುರಿದುಕೊಂಡವರೂ ಅವರ ಜೊತೆಗೇ ಊಟಕ್ಕೆ ಕೂತು ತಿರುಗಿ ಮುಂಬೈಗೇ ಬರಬೇಕು.

ಬಂದರಿನಲ್ಲಿ ಸಾಮಾನು ತಪಾಸಣೆ. ನನ್ನ ಚೀಲ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಕಾವಲಿನವನು ಇಸ್ತ್ರಿ ಪೆಟ್ಟಿಗೆ ಹೊರತೆಗೆದು ಮೇಜಿನ ಮೇಲಿಟ್ಟ. ನನ್ನ ಕೊಪ್ಪಳದ ಸಂತೆಯ ಹಿಂದಿಯಲ್ಲಿ ನಾನು ಅದು ಇಸ್ತ್ರಿ, ಬಾಂಬಲ್ಲ ಅಂತ ವಿವರಿಸಿದೆ. ಅವನು ಸಮಾಧಾನದಿಂದ ಹೇಳಿದ. ಹಡಗಿನಲ್ಲಿ ಬೆಂಕಿ ಬಿದ್ದರೆ ಓಡಿ ಹೋಗಲು ಜಾಗ ಇರುವುದಿಲ್ಲ. ಅದಕ್ಕೆ ಬಿಸಿಯಾಗುವ ವಸ್ತು ಯಾವುದನ್ನೂ ಖೋಲಿಯೊಳಗೆ ಬಿಡುವುದಿಲ್ಲ, ವಾಪಸು ಬರುವಾಗ ಒಯ್ಯಿರಿ. ವಿಜ್ಞಾನದ ಟೀಚರ್ ಬಾಯಿ ಮುಚ್ಚಿಕೊಳ್ಳಬೇಕಾದ ಮಾತು. ಹಳದಿ ಚೀಟಿ ಕಟ್ಟಿಸಿಕೊಂಡು ಪೆಟ್ಟಿಗೆ ದಂಡೆಯಲ್ಲೇ ಉಳಿಯಿತು.

ಖೋಲಿಯೊಳಗೆ ಹೋಗಿ ಸೂಟ್‌ಕೇಸು ತೆರೆದರೆ ಶಾಂತಾ ಮಂಚದ ಮೇಲೆ ಕುಸಿದು ಕೂತಳು. ಅವಳ ಇಳಕಲ್ ಸೀರೆಯ ಮೇಲೆ ಶೇಂಗಾ ಉಂಡಿಯ ಡಬ್ಬಿ, ಅದರ ಮೇಲೆ ಒಣಗಿಸಿದ ಕಟಕ ರೊಟ್ಟಿಯ ಗಂಟು. ಹಡಗಿನಲ್ಲಿ ಊಟ ಸಿಗುತ್ತದೆ ಅಂತ ಎಷ್ಟು ಹೇಳಿದರೂ ವೀರನಗೌಡರು ರೊಟ್ಟಿ ಬಿಟ್ಟು ಬಂದಿರಲಿಲ್ಲ.

"ನೋಡು ಅಕ್ಕಾ, ಎಮ್ಮಿ ಅಗದು ಉಗುಳಿದಂಗ ಆಗೈತಿ."

ಸುಧಾಳಿಗೆ ಚಿಂತೆ ಇರಲಿಲ್ಲ, ಉಂಗುರದ ಹೊತ್ತಿಗೆ ಅವಳು ಉಡಬೇಕಾದದ್ದು ಬೀಗರು ತರುವ ಹೊಸ ಸೀರೆ. ನಮ್ಮಿಬ್ಬರದೇ ಪ್ರಶ್ನೆ. ಕಾರ್ಯಕ್ರಮ ಮರುದಿನ ಸಂಜೆ. ಹಡಗಿನವರ ಲಾಂಡ್ರಿಗೆ ಕೊಟ್ಟರೆ ಅದು ಬರುವುದು ಕಾರ್ಯಕ್ರಮ ಮುಗಿದ ಮೇಲೆ. ನಾನು ಧೈರ್ಯ ಹೇಳಿ ನನ್ನ ವಿದ್ಯೆಗಳನ್ನು ಹೊರತೆಗೆದೆ. ಮೊದಲನೆಯದು ಅವ್ವನ ವಿದ್ಯೆ. ಎರಡೂ ಸೀರೆಗಳನ್ನು ಮಡಚಿ ಗಾದಿಯ ಕೆಳಗಿಟ್ಟು ಅಪ್ಪನ ಮಾನ ಕಾಯ್ದ ಹಾಗೆಯೇ ಮಲಗಿದೆವು. ಆ ಮಂಚಕ್ಕೆ ಹಲಗೆ ಇರಲಿಲ್ಲ, ಅಡ್ಡಪಟ್ಟಿಗಳಿದ್ದವು ಅಂತ ಬೆಳಿಗ್ಗೆ ತಿಳಿಯಿತು. ಹಳೆಯ ಮುದುರುಗಳ ಮೇಲೆ ಸಾಲು ಸಾಲು ಹೊಸ ಗೆರೆ, ಕೂರಿಗೆ ಹೊಡೆದ ಹೊಲದ ಹಾಗೆ. ಎರಡನೆಯದು ಹಬೆಯ ವಿದ್ಯೆ. ಬಚ್ಚಲಿನಲ್ಲಿ ಸೀರೆ ತೂಗುಹಾಕಿ ಬಿಸಿನೀರಿನ ನಳ ಬಿಟ್ಟೆ. ಅಂಗಿಗಾದರೆ ಅದು ಛಲೋ. ಮಡಿಕೆ ಮಡಿಕೆಯಾಗಿ ತೂಗುವ ಸೀರೆಗೆ ಹೊರಗಿನ ಪದರು ನೆಟ್ಟಗಾಯಿತು, ಒಳಗಿನದು ಹಾಗೇ ಉಳಿಯಿತು. ನನ್ನ ಕೂದಲು ಮಾತ್ರ ಪೂರ್ತಿ ಸುರುಳಿಯಾಯಿತು.

ಅಷ್ಟರಲ್ಲಿ ವೀರನಗೌಡರು ತಲೆ ತಿರುಗಿ ಪಕ್ಕದ ಖೋಲಿಯಲ್ಲಿ ಮಲಗಿಬಿಟ್ಟಿದ್ದರು. ಸುಧಾ ಅವರಿಗೆ ಲಿಂಬೆಹಣ್ಣು ಮೂಸಿಸುತ್ತ ಕೂತಿದ್ದಳು. "ಎಮ್ಮಿಗೆ ಕೊಡೂ ಔಷಧ ನನಗ ಕೊಟ್ಟೀಯವ್ವಾ" ಅಂತ ಅವರು ನರಳುವುದು ಗೋಡೆಯ ಈಚೆ ಕೇಳುತ್ತಿತ್ತು.

ಉಳಿದದ್ದು ಒಂದೇ ದಾರಿ. ನಮ್ಮ ಕಡೆಯ ಹೆಂಗಸರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಸೀರೆಗೆ ತೆಳ್ಳಗೆ ನೀರು ಚಿಮುಕಿಸಿ, ಇಬ್ಬರು ಎರಡು ತುದಿ ಹಿಡಿದು, ಬಿಗಿಯಾಗಿ ಜಗ್ಗಿ, ಒಣಗುವ ತನಕ ಹಿಡಿದು ನಿಲ್ಲುವುದು. ಆದರೆ ನಮ್ಮ ಖೋಲಿ ಸೀರೆಯ ಅರ್ಧಕ್ಕೂ ಸಾಲದು. ಬಾಗಿಲು ತೆರೆದು ನೋಡಿದೆ. ಹೊರಗೆ ಉದ್ದಕ್ಕೆ, ನೇರಕ್ಕೆ, ಊರ ಓಣಿಯ ಹಾಗೆ ಹಾದಿ. ಎರಡೂ ಕಡೆ ಬಾಗಿಲುಗಳು, ಕೆಳಗೆ ಮೆತ್ತಗಿನ ಜಮಖಾನೆ, ಮೇಲಿನಿಂದ ತಣ್ಣಗೆ ಬೀಸುವ ಒಣ ಗಾಳಿ. ಸೀರೆ ಒಣಗಿಸಲೆಂದೇ ಕಟ್ಟಿದ ಹಾಗಿತ್ತು.

ಶಾಂತಾ ನಾಚಿದಳು. "ಮಂದಿ ಓಡ್ಯಾಡ್ತಾರಲ್ಲ ಅಕ್ಕಾ."

"ಬಗ್ಗಿ ಹೋಗ್ಲಿ" ಅಂದೆ.

ನಿಜವಾಗಿಯೂ ಬಗ್ಗಿ ಹೋದರು. ಎತ್ತರದ ಗುಜರಾತಿ ಅಜ್ಜನೊಬ್ಬ ಸೀರೆಯ ಕೆಳಗೆ ನುಸುಳಿ ಕೈ ಮುಗಿದು ಹೋದ. ನನ್ನ ಸೀರೆ ಆಯಿತು, ಶಾಂತಾಳ ಇಳಕಲ್ಲೂ ಆಯಿತು. ಕೆಂಪು ಸೆರಗು ಹಲಗೆಯ ಹಾಗೆ ನೆಟ್ಟಗೆ ನಿಂತಾಗ ಶಾಂತಾಳ ಮುಖದ ಗಂಟೂ ಒಂದಿಷ್ಟು ಸಡಿಲಿತು. ಮಡಚಿ ಒಳಗಿಡುವಷ್ಟರಲ್ಲಿ ನಾಲ್ಕು ಬಾಗಿಲು ಆಚೆ ಒಬ್ಬರು ತಲೆ ಹೊರಗೆ ಹಾಕಿದರು. ಹುಡುಗನ ತಾಯಿ, ಸರೋಜಮ್ಮ.

ಅವರನ್ನು ಅಲ್ಲಿಯ ತನಕ ನಾವು ನೋಡಿದ್ದು ಎರಡೇ ಸಲ. ಎರಡೂ ಸಲ ಅವರು ಸಾಹುಕಾರರ ಹಿಂದೆ ಕೂತು ನಮ್ಮನ್ನು ಅಳೆಯುವವರ ಹಾಗೆ ಸುಮ್ಮನೆ ನೋಡಿದ್ದರು. ಶಾಂತಾಳಿಗೆ ಸಾಹುಕಾರರಿಗಿಂತ ಅವರ ಅಂಜಿಕೆಯೇ ಹೆಚ್ಚು. ಈಗ ಅವರು ಒಳಗೆ ಹೋದರು. ನೋಡಿ ನಕ್ಕರೇನೋ ಅಂತ ಶಾಂತಾ ಮೋರೆ ಸಣ್ಣದು ಮಾಡಿದಳು. ಒಂದು ಗಳಿಗೆಯಲ್ಲಿ ಸರೋಜಮ್ಮ ಮತ್ತೆ ಹೊರಗೆ ಬಂದರು, ಕೈಯಲ್ಲಿ ಗದ್ವಾಲ್ ಸೀರೆ. ಅದರ ಅವಸ್ಥೆ ನಮ್ಮದಕ್ಕಿಂತ ಕಡೆ.

"ಇಸ್ತ್ರಿ ಹಡಗಿನ್ಯಾಗ ಮಾಡಿ ಕೊಡ್ತಾರ ಅಂತ ಇವರು ಹೇಳಿದ್ರು. ಕೇಳಿದ್ರ ನಾಳಿಗೆ ಅಂತಾರ" ಅಂದರು. ಆಮೇಲೆ ದನಿ ತಗ್ಗಿಸಿ, "ನಂದೂ ಒಂದೀಟು ಹಿಡೀತೀರೇನ್ರಿ?" ಅಂದರು.

"ತರ್ರಿ ತರ್ರಿ" ಅಂದೆ ನಾನು.

ಒಂದು ತುದಿ ಸರೋಜಮ್ಮ ಹಿಡಿದರು, ಇನ್ನೊಂದು ಶಾಂತಾ. ನಾನು ನಡುವೆ ನಿಂತು ಲೋಟದಿಂದ ನೀರು ಚಿಮುಕಿಸುತ್ತ, ಅಂಗೈಯಿಂದ ಮುದುರು ಒರೆಸುತ್ತ ಹೋದೆ. ಗದ್ವಾಲ್ ಸೀರೆ ಬಹಳ ಹಟಮಾರಿ, ಬೇಗ ಬಗ್ಗುವುದಿಲ್ಲ.

"ಜೋರ ಹಿಡೀರಿ ಬೀಗರ, ಅಂಚು ಮಡಚಾಕತ್ತೈತಿ" ಅಂದರು ಸರೋಜಮ್ಮ.

"ಹಿಡದೀನ್ರಿ."

ಹೀಗೆ ಸ್ವಲ್ಪ ಹೊತ್ತು. ಶಾಂತಾ ನನ್ನ ಕಡೆ ನೋಡಿದಳು. ನಾನು ಮುದುರು ಒರೆಸಿದೆ. ನೌಕರಿಯ ಮಾತನ್ನು ಅವಳು ಯಾವುದಾದರೂ ಮೂಲೆಯಲ್ಲಿ, ಮೆಲ್ಲಗೆ, ಹತ್ತಿರ ಕೂತು ಆಡಬೇಕು ಅಂತ ಊರಿಂದಲೇ ಯೋಚಿಸಿಕೊಂಡು ಬಂದವಳು. ಈಗ ಇಬ್ಬರ ನಡುವೆ ಒಂದು ಇಡೀ ಸೀರೆ. ಮೆಲ್ಲಗೆ ಹೇಳಿದರೆ ಆ ತುದಿಗೆ ಮುಟ್ಟುವುದಿಲ್ಲ.

"ನಿಮಗೊಂದು ಮಾತು ಕೇಳೂದಿತ್ರಿ" ಅಂದಳು ಜೋರಾಗಿ.

"ಕೇಳ್ರಲ್ಲ."

"ಸುಧಾ ನೌಕರಿ ಬಿಡಾಂಗಿಲ್ರಿ."

ಸರೋಜಮ್ಮ ಅವಳನ್ನೇ ನೋಡಿದರು. "ಇದು ಕೇಳೂ ಮಾತಲ್ಲ ಬೀಗರ, ಹೇಳೂ ಮಾತು."

ಶಾಂತಾ ಹಿಡಿದ ತುದಿ ಸಡಿಲಾಯಿತು. ಸರೋಜಮ್ಮನದೂ ಸಡಿಲಾಯಿತು. ನಡುವೆ ಸೀರೆ ಜೋತು ಜಮಖಾನೆಗೆ ತಾಗುವಷ್ಟಾಯಿತು. ನಾನು ಎರಡೂ ತೋಳು ಚಾಚಿ ಅದನ್ನು ಎತ್ತಿ ಹಿಡಿದೆ. ಯಾರಾದರೂ ಕೈ ಬಿಟ್ಟು ಹೋಗಿದ್ದರೆ ಹೋಗಬಹುದಿತ್ತು. ಆದರೆ ಒದ್ದೆ ಸೀರೆ ನೆಲಕ್ಕೆ ಬಿಡುವ ಹೆಂಗಸು ನಮ್ಮ ನಾಲ್ಕು ತಾಲೂಕುಗಳಲ್ಲಿ ಇಲ್ಲ.

"ಯಾರು ಬಿಡು ಅಂದಾರ?" ಕೇಳಿದರು ಸರೋಜಮ್ಮ.

"ಸಾಹುಕಾರ್ರು ಅಂದಿದ್ರಲ್ರಿ, ಪದ್ಧತಿ ಇಲ್ಲಂತ."

"ಅವರು ಅಂದ್ರು. ನಿಮ್ಮನ್ಯಾವ್ರು ನೋಡಿದ್ರಾತು ಅಂದ್ರು. ಗಂಡಸ್ರು ನೋಡಿದ್ರಾತು ಅಂದ್ರ ಮುಗೀತು, ಯಾರೂ ನೋಡೂದಿಲ್ಲ. ನನಗ ಯಾರು ಕೇಳಿದ್ರಿ? ಅವತ್ತೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ಶಾಂತಾ ತನ್ನ ತುದಿಯನ್ನು ಎತ್ತಿ ಹಿಡಿದಳು. ಆಮೇಲೆ, "ಈಗ ಕೇಳಾಕತ್ತೀನ್ರಿ" ಅಂದಳು. ಈ ಸಲ ಅದು ಕೇಳುವ ಮಾತೇ ಆಗಿತ್ತು.

ಸರೋಜಮ್ಮ ತಮ್ಮ ತುದಿಯನ್ನು ಮತ್ತೆ ಬಿಗಿ ಹಿಡಿದರು. "ನನಗ ಪದ್ಧತಿ ಚಿಂತಿ ಇಲ್ರಿ. ನನ್ನ ಚಿಂತಿ ಬ್ಯಾರೆ. ಎಮ್ಮಿ ಒದ್ರ ಏನ್ ಮಾಡೂದು? ಹೊತ್ತಲ್ಲದ ಹೊತ್ತಿನ್ಯಾಗ ಯಾರರ ಕರದ್ರ ಒಬ್ಬಾಕೀನ ಹೋಗ್ತಾಳೇನು? ನನಗ ಹೆಣ್ಮಕ್ಕಳಿಲ್ಲ. ನಾ ಹೆಂಗ ನಿದ್ದಿ ಮಾಡ್ಲಿ?"

ಶಾಂತಾ ಇದಕ್ಕೆ ತಯಾರಿರಲಿಲ್ಲ. ಬೇರೆ ಯಾವ ಮಾತಿಗಾದರೂ ಉತ್ತರ ಹುಡುಕಿಟ್ಟಿದ್ದಳು. "ನಾನೂ ಮಾಡೂದಿಲ್ರಿ" ಅಂದಳು. "ಆಕಿ ಮನಿಗೆ ಬಂದು ಫೋನ್ ಮಾಡೂತನ ನಾ ಎದ್ದ ಇರ್ತೀನಿ. ಆದ್ರ ಒಮ್ಮಿ ಆಕಿ ಕೆಲಸ ಮಾಡೂದು ನೋಡ್ರಿ ನೀವು. ಬಸಿರ ಎಮ್ಮಿ ಆಕಿ ಕೈ ಮುಟ್ಟಿದ್ರ ಸುಮ್ಮ ನಿಂದರ್ತಾವ. ನಾ ಹಡದಾಕಿ, ನನ್ನ ಮಾತು ಆಕಿ ಅಷ್ಟು ಕೇಳೂದಿಲ್ಲ, ಆಕಿ ಮಾತು ದನ ಕೇಳ್ತಾವ."

ಸರೋಜಮ್ಮನ ತುಟಿಯಲ್ಲಿ ನಗು ಬಂದು ಹೋಯಿತು. "ನಾ ಹೂಂ ಅಂದೆ ಅಂತ ತಿಳ್ಕೋಬ್ಯಾಡ್ರಿ" ಅಂದರು. "ಇವರಿಗೆ ಹೇಳ್ತೀನಿ. ಉಂಗುರಕ್ಕಿಂತ ಮದಲ ಹೇಳ್ತೀನಿ. ಈಗ ಸೆರಗಿನ ಕಡೆ ಜಗ್ರಿ, ಅಲ್ಲಿನ್ನೂ ಮುದುರೈತಿ."

ಸಂಜೆ ಹಡಗಿನ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ವೀರನಗೌಡರೂ ಲಿಂಬೆಹಣ್ಣು ಹಿಡಿದುಕೊಂಡೇ ಬಂದು ಕೂತರು. ನಮ್ಮ ಮೂವರ ಸೀರೆಗಳಲ್ಲಿ ಒಂದು ಗೆರೆ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ ಅನ್ನುವುದು ಬೇರೆ ಮಾತು, ಬಂದವರಲ್ಲಿ ಅರ್ಧ ಮಂದಿ ಜೀನ್ಸ್ ಹಾಕಿಕೊಂಡಿದ್ದರು. ಸರೋಜಮ್ಮ ಗಂಡನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಏನೋ ಹೇಳುತ್ತಿದ್ದರು. ನಮಗೆ ಕೇಳುತ್ತಿರಲಿಲ್ಲ. ಸಾಹುಕಾರರು ಒಮ್ಮೆ ನಮ್ಮ ಕಡೆ ನೋಡಿದರು, ಒಮ್ಮೆ ಹೊರಗಿನ ನೀರಿನ ಕಡೆ ನೋಡಿದರು. ಶಾಂತಾ ನನ್ನ ಕೈ ಎಷ್ಟು ಬಿಗಿ ಹಿಡಿದಿದ್ದಳು ಅಂದರೆ ಬಳೆ ಒತ್ತಿ ಗುರುತು ಬಿತ್ತು.

ಸಾಹುಕಾರರು ಸೀದಾ ಸುಧಾಳ ಮುಂದೆ ಬಂದು ನಿಂತರು. "ವರ್ಗ ಆದ್ರ ಏನ್ ಮಾಡ್ತೀಯವ್ವಾ?"

"ಆದ್ರ ಹೋಗಬೇಕಾಗತೈತ್ರಿ" ಅಂದಳು ಸುಧಾ. "ಹತ್ರ ಕೊಡ್ರಿ ಅಂತ ಕೇಳ್ಕೋತೀನಿ. ಕೊಟ್ರ ಛಲೋ. ಕೊಡದಿದ್ರೂ ಕೆಲಸ ಬಿಡೂದಿಲ್ರಿ."

ಆಗ ವಿನಯ ಬಾಯಿ ತೆಗೆದ. "ಅಪ್ಪಾ, ನಾ ಆಕಿಗೆ ಮದಲ ಮಾತು ಕೊಟ್ಟೀನಿ. ನಿನಗ ಹೇಳಾಕ ಧೈರ್ಯ ಆಗಿದ್ದಿಲ್ಲ." ಇಷ್ಟು ದಿನ ಆ ಮಾತನ್ನು ಎಲ್ಲಿ ಮಡಚಿಟ್ಟಿದ್ದನೋ. ತಡವಾಗಿ ತೆಗೆದರೂ ತೆಗೆದನಲ್ಲ ಅಂತ ನನಗೆ ಆ ಹುಡುಗನ ಮೇಲೆ ಮೊದಲ ಸಲ ಪ್ರೀತಿ ಬಂತು.

ಸಾಹುಕಾರರು ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಎಲ್ಲಾರೂ ಮಾತಾಡಿ ಮುಗಿಸೀರಿ, ನನಗ ಕಡೀಕ ಹೇಳಾಕತ್ತೀರಿ" ಅಂದರು. ಅವರ ದನಿಯಲ್ಲಿ ಸ್ವಲ್ಪ ನೋವಿತ್ತು, ನಾನು ಸುಳ್ಳು ಹೇಳುವುದಿಲ್ಲ. ಖುರ್ಚಿ ಎಳೆದು ಕೂತು, ಕನ್ನಡಕ ಒರೆಸಿಕೊಂಡು, "ಆತು, ಉಂಗುರ ತರ್ರಿ" ಅಂದರು. ಅವರ ಮುಖ ಪೂರ್ತಿ ತಿಳಿಯಾಗಲು ಮರುದಿನದ ತನಕ ಬೇಕಾಯಿತು. ಅಂದು ಮಧ್ಯಾಹ್ನ ವೀರನಗೌಡರ ರೊಟ್ಟಿಯ ಗಂಟು ಬಿಚ್ಚಿ ಬೀಗರಿಬ್ಬರೂ ಮೇಲಿನ ಡೆಕ್ಕಿನಲ್ಲಿ ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು.

ಮದುವೆ ಆಯಿತು. ಸುಧಾ ಗಂಗಾವತಿಯಿಂದ ಹಿಟ್ನಾಳಕ್ಕೆ ಓಡಾಡುತ್ತಾಳೆ. ಎಲ್ಲ ನುಣ್ಣಗೆ ನಡೆದಿದೆ ಅಂತಲ್ಲ. ತಡವಾಗಿ ಬಂದ ದಿನ ಸಾಹುಕಾರರು ಪೇಪರ್ ಮುಖಕ್ಕೆ ಹಿಡಿದುಕೊಂಡೇ ಇರುತ್ತಾರಂತೆ. ಕಳೆದ ತಿಂಗಳು ನಾನು ಅವರ ಮನೆಗೆ ಹೋಗಿ ಒಂದು ದಿನ ಇದ್ದೆ. ಬೆಳಿಗ್ಗೆ ನಾನೂ ಸರೋಜಮ್ಮನೂ ಚಹ ಕುಡಿಯುತ್ತ ಕೂತಿದ್ದೆವು, ಸುಧಾ ಸ್ನಾನಕ್ಕೆ ಹೋಗಿದ್ದಳು. ಮೇಜಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಸರೋಜಮ್ಮ ಕಪ್ಪು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎತ್ತಿದರು.

"ಹೂಂ, ಹೇಳ್ರಿ. ಎಮ್ಮಿ ಎಷ್ಟನೇ ಸೂಲು?... ಯಾವಾಗಿಂದ ತಿಣುಕಾಕತ್ತೈತಿ?... ಕರುವಿನ ತಲಿ ಕಾಣತೈತೋ, ಬರೇ ಕಾಲೋ?"

ಕೇಳಿಕೊಂಡು, ಫೋನಿಗೆ ಅಂಗೈ ಅಡ್ಡ ಹಿಡಿದು ಬಚ್ಚಲಿನ ಕಡೆ ಕೂಗಿದರು. "ಸುಧಾ, ಬರೇ ಒಂದು ಕಾಲು ಹೊರಗ ಬಂದೈತಂತ."

ಬಚ್ಚಲೊಳಗೆ ನೀರಿನ ಸಪ್ಪಳ ನಿಂತಿತು. "ಜಗ್ಗಬ್ಯಾಡಂತ ಹೇಳ್ರಿ ಅತ್ತಿ. ಹೊಂಟೆ."

"ಯಾರೂ ಜಗ್ಗಬ್ಯಾಡ್ರಿ" ಅಂದರು ಸರೋಜಮ್ಮ ಫೋನಿಗೆ, ಬಹಳ ಗಂಭೀರವಾಗಿ. "ಎಮ್ಮಿ ಸುತ್ತ ಗದ್ದಲ ಮಾಡಬ್ಯಾಡ್ರಿ. ನಮ್ಮ ಡಾಕ್ಟರ್ ಬರಾಕತ್ತಾರ."